ಮೇಡಂ ಬಂದ್ರು, ಕಪ್ ಯಾವಾಗ?

ಕಾಲೇಜು ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ. ರಾಣೆಬೆನ್ನೂರು ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯಲ್ಲಿ ನಮ್ಮ ಕಬಡ್ಡಿ ತಂಡ ಆಗಲೇ ಕಪ್ ಗೆದ್ದಾಗಿತ್ತು.

‘ಹೊಸ ಪಿ.ಡಿ. ಬಂದಾರಂತ. ರಾಜ್ಯ ತಂಡದಾಗ ಆಡಿ ಬಂದವರಂತ. ಹುಡುಗೀರ ಟೀಮಿಗೆ ಈ ಸಲ ಕಪ್ ಗ್ಯಾರಂಟಿ’ ಅಂದ ನಮ್ಮ ಕ್ಲಾಸಿನವನೊಬ್ಬ.

‘ಸರ್ ಅಲ್ಲಲೇ, ಮೇಡಂ’ ಅಂದ ಇನ್ನೊಬ್ಬ.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ‘ಹಂಗಾದ್ರ ಕಷ್ಟ ಐತಿ ಬಿಡು’ ಎಂದು ಮೂರನೆಯವನು ತೀರ್ಪು ಕೊಟ್ಟ. ಒಂದು ಲೋಟ ಚಹಾ ಮುಗಿಯುವುದರೊಳಗೆ ಗೆದ್ದ ಕಪ್ಪನ್ನು ನಾವು ಕಳೆದುಕೊಂಡೂ ಆಗಿತ್ತು. ಬ್ಯಾಡಗಿ ಬಸ್ಸಿಗೆ ಕಾಯುತ್ತಾ ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಆ ಮೇಡಂ ಇನ್ನೂ ಮೈದಾನಕ್ಕೆ ಕಾಲೇ ಇಟ್ಟಿರಲಿಲ್ಲ.

ನಾನು ಬಿ.ಕಾಂ. ಕೊನೆಯ ವರ್ಷದವಳು. ಮೂರು ವರ್ಷದಿಂದ ಕಾಲೇಜಿನ ಕಬಡ್ಡಿ ತಂಡದಲ್ಲಿ ರೇಡರ್. ಈ ಮೂರು ವರ್ಷದಲ್ಲಿ ನೋಡಿದ್ದು ಮೂವರು ಕೋಚ್‌ಗಳನ್ನು. ಮೊದಲನೆಯವರಿಗೆ ಬೇರೆ ಕಡೆ ಕಾಯಂ ಕೆಲಸ ಸಿಕ್ಕಿತು, ಹೋದರು. ಎರಡನೆಯವರು ಒಂದು ವರ್ಷದ ಮಟ್ಟಿಗೆ ಬಂದ ಅತಿಥಿ. ಬಹಳ ಒಳ್ಳೆಯವರು, ಆದರೆ ಅವರದು ಅಥ್ಲೆಟಿಕ್ಸ್. ಹಾಗಾಗಿ ನಮ್ಮನ್ನು ಚೆನ್ನಾಗಿ ಓಡಿಸಿದರು. ಕಬಡ್ಡಿಯನ್ನು ನಾವು ನಾವೇ ಆಡಿಕೊಂಡೆವು. ಕಳೆದ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ಹಾವೇರಿಗೆ ಹೋದವರು ಮೊದಲ ಪಂದ್ಯದಲ್ಲೇ ಸೋತು, ಅವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚುವ ಮೊದಲೇ ವಾಪಸ್ ಬಸ್ ಹತ್ತಿದ್ದೆವು.

ಅಂಥ ತಂಡ ಈ ವರ್ಷ ಕಪ್ ಗೆಲ್ಲುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಆಡುವವರು ಅವರೇ, ಮೈದಾನ ಅದೇ, ಮಳೆ ಬಂದರೆ ಅದೇ ಕೆಸರು. ಬದಲಾಗಿದ್ದು ಒಂದೇ ಹೆಸರು.

ಸ್ವಾಗತ ಕಾರ್ಯಕ್ರಮದ ದಿನ ಮೇಡಂ ಕೊರಳಿಗೆ ಹಾವೇರಿಯ ಏಲಕ್ಕಿ ಹಾರ ಬಿತ್ತು. ವೇದಿಕೆಯಲ್ಲಿದ್ದ ಹಿರಿಯರೊಬ್ಬರು ‘ಈ ವರ್ಷ ನಿಮ್ಮಿಂದ ಚಾಂಪಿಯನ್‌ಶಿಪ್ ನಿರೀಕ್ಷೆ ಮಾಡ್ತೀವಿ’ ಎಂದರು. ಚಪ್ಪಾಳೆ. ಮೇಡಂ ಮೈಕ್ ತೆಗೆದುಕೊಂಡು, ‘ಮೊದಲ ಒಂದು ತಿಂಗಳು ದಿನಾ ಎಷ್ಟು ಮಂದಿ ಬರ್ತಾರ ನೋಡೋಣ್ರಿ ಸರ್, ಆಮ್ಯಾಲೆ ಕಪ್ಪಿನ ಮಾತಾಡೋಣು’ ಅಂದರು. ಸಭಾಂಗಣ ನಕ್ಕಿತು. ಅವರು ನಗಲಿಲ್ಲ.

ನಿರೀಕ್ಷೆ ಇಟ್ಟುಕೊಳ್ಳುವುದರಲ್ಲಿ ನಮ್ಮ ಜಿಲ್ಲೆಯವರದು ಧಾರಾಳ ಕೈ. ದೀಪಾವಳಿಯ ಹೋರಿ ಬೆದರಿಸುವ ಸ್ಪರ್ಧೆಯನ್ನೇ ನೋಡಿ. ಯಾರೋ ಹೊಸ ಹೋರಿ ತಂದರೆ ಸಾಕು, ಅದಕ್ಕೊಂದು ಗತ್ತಿನ ಹೆಸರು, ಊರ ಬಾಗಿಲಿಗೆ ಬ್ಯಾನರ್, ಹುಡುಗರಿಗೆಲ್ಲ ಒಂದೇ ಬಣ್ಣದ ಟೀ ಶರ್ಟ್. ಅಖಾಡದಲ್ಲಿ ಅದು ಒಮ್ಮೆಯೂ ಓಡಿರುವುದಿಲ್ಲ, ಕೊರಳಿನ ಕೊಬ್ಬರಿ ಉಳಿಸಿಕೊಂಡೀತೋ ಇಲ್ಲವೋ ಗೊತ್ತಿರುವುದಿಲ್ಲ, ಅಭಿಮಾನಿ ಬಳಗ ಮಾತ್ರ ತಯಾರು. ಆದರೂ ಅಲ್ಲೊಂದು ನ್ಯಾಯವಿದೆ. ಓಡಬೇಕಾದ್ದು ಆ ಹೋರಿಯೇ. ಕೋಚ್ ವಿಷಯದಲ್ಲಿ ಬ್ಯಾನರ್ ಒಬ್ಬರ ಹೆಸರಿಗೆ, ಓಡಬೇಕಾದವರು ಬೇರೆ ಏಳು ಜನ.

ಹೊಸ ಕೋಚ್ ಬಂದರೆ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮದೇ ಬೆಂಗಳೂರು ಬುಲ್ಸ್ ಇದೆಯಲ್ಲ. ಪ್ರೊ ಕಬಡ್ಡಿಯ ಶುರುವಿನಿಂದ ಹನ್ನೊಂದು ಸೀಸನ್ ರಣಧೀರ್ ಸಿಂಗ್ ಅವರೇ ಕೋಚ್. ಒಂದು ಸಲ, ಆರನೇ ಸೀಸನ್ನಿನಲ್ಲಿ, ಕಪ್ಪೂ ಬಂತು. 2024ರ ಸೀಸನ್ನಿನಲ್ಲಿ ಮಾತ್ರ ತಂಡ ಆಡಿದ 22 ಲೀಗ್ ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ ಎರಡು. ಮರುವರ್ಷ ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆದರು. ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿದವರು ಎಂದ ಮೇಲೆ ಕೇಳಬೇಕೆ? ಸೀಸನ್ನಿಗೆ ಮುಂಚೆಯೇ ನಮ್ಮಣ್ಣ ‘ಬುಲ್ಸ್ ಫೈನಲ್ ಪಕ್ಕಾ’ ಎಂದು ಸ್ಟೇಟಸ್ ಹಾಕಿದ. ಬುಲ್ಸ್ ಮೊದಲ ಮೂರು ಪಂದ್ಯ ಸೋತಿತು. ಅಣ್ಣ ಸ್ಟೇಟಸ್ ತೆಗೆದ. ಆಮೇಲೆ ತಂಡ ಎದ್ದು ನಿಂತು ಪ್ಲೇ ಆಫ್‌ವರೆಗೆ ಹೋಯಿತು, ಕಪ್ ಸಿಗಲಿಲ್ಲ. ಕೊನೆಯ ಸ್ಥಾನದಿಂದ ಪ್ಲೇ ಆಫ್‌ಗೆ ಬರುವುದು ಸಣ್ಣ ಮಾತಲ್ಲ. ಆದರೆ ಅಣ್ಣನ ಲೆಕ್ಕದಲ್ಲಿ ಅದು ಸೋಲು, ಯಾಕೆಂದರೆ ಅವನು ಮೊದಲೇ ಫೈನಲ್ ಬರೆದುಬಿಟ್ಟಿದ್ದ.

ಇದೇ ರಮೇಶ್ ಪುಣೇರಿ ಪಲ್ಟನ್ ತಂಡಕ್ಕೆ ಹೋದ ಮೊದಲ ಸೀಸನ್ನಿನಲ್ಲಿ, 2022ರಲ್ಲಿ, ಫೈನಲ್ ಸೋತಿದ್ದರು. ಕಪ್ ಬಂದಿದ್ದು ಎರಡನೇ ಸೀಸನ್ನಿನಲ್ಲಿ. ನಮ್ಮ ಆರ್‌ಸಿಬಿ ಕಥೆಯೂ ಹಾಗೆಯೇ. ಆ್ಯಂಡಿ ಫ್ಲವರ್ ಕೋಚ್ ಆದ ಮೇಲಿನ ಮೊದಲ ಐಪಿಎಲ್‌ನಲ್ಲಿ, 2024ರಲ್ಲಿ, ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತ್ತು ತಂಡ. ಅವತ್ತು ಮೊಬೈಲಿನಲ್ಲಿ ಕೋಚ್‌ಗೆ ಬೈಯದ ಹುಡುಗ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಆಮೇಲೆ ಸಾಲಾಗಿ ಆರು ಗೆದ್ದರು. 2025ರ ಜೂನ್ 3ರಂದು, ಹದಿನೆಂಟನೇ ವರ್ಷಕ್ಕೆ, ಕಪ್ ಬಂತು. ಎಂಟನೇ ಪಂದ್ಯದ ದಿನವೇ ಆ ಕೋಚ್‌ನನ್ನು ಮನೆಗೆ ಕಳಿಸುವ ಅಧಿಕಾರ ನಮ್ಮ ಚಹಾ ಅಂಗಡಿಗೆ ಇದ್ದಿದ್ದರೆ?

ಮೊದಲ ವರ್ಷವೇ ಗೆಲ್ಲುವವರೂ ಇದ್ದಾರೆ, ಮುಚ್ಚಿಡುವುದು ಬೇಡ. ರಮೇಶ್ ಬೆಂಗಾಲ್‌ಗೆ ಮೊದಲ ಸೀಸನ್ನಿನಲ್ಲೇ ಕಪ್ ತಂದುಕೊಟ್ಟರು. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ನಮ್ಮ ಐಪಿಎಲ್ ಇದ್ದಂತೆ. ಅಲ್ಲಿ ಸೀಸನ್ ಶುರುವಾಗುವ ಮುಂಚೆ ಯಾವ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಎಂದು ಪತ್ರಕರ್ತರು ಮತ ಹಾಕುತ್ತಾರಂತೆ. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಹನ್ನೆರಡರಲ್ಲಿ ಮೂರು ಪಂದ್ಯ ಗೆದ್ದಿತ್ತು. ಕರ್ಟ್ ಸಿಗ್ನೆಟ್ಟಿ ಎಂಬ ಹೊಸ ಕೋಚ್ ಬಂದರು. ಆದರೂ ಪತ್ರಕರ್ತರು 18 ತಂಡಗಳಲ್ಲಿ ಅದಕ್ಕೆ 17ನೇ ಸ್ಥಾನ ಕೊಟ್ಟರು. ಆ ವರ್ಷ ಅದು 11 ಪಂದ್ಯ ಗೆದ್ದಿತು! ಇದನ್ನು ಯೂಟ್ಯೂಬಿನಲ್ಲಿ ನೋಡಿ ನನಗೂ ರೋಮಾಂಚನ. ಆದರೆ ಪೂರ್ತಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಕೋಚ್ ತಮ್ಮ ಹಳೆಯ ಕಾಲೇಜಿನಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಜೊತೆಗೇ ಕರೆತಂದಿದ್ದರು. ಪ್ರೊ ಕಬಡ್ಡಿಯಲ್ಲಿ ಹರಾಜು ಇದೆ, ಐಪಿಎಲ್‌ನಲ್ಲೂ ಇದೆ. ಬೇಕಾದವರನ್ನು ಕೊಳ್ಳಬಹುದು, ಬೇಡದವರನ್ನು ಬಿಡಬಹುದು.

ನಮ್ಮ ಮೇಡಂಗೆ ಹರಾಜು ಎಲ್ಲಿದೆ? ಬ್ಯಾಡಗಿ, ಹಾವೇರಿ ಕಡೆಯಿಂದ ಬರುವ ಬಸ್ಸಿನಿಂದ ಯಾರು ಇಳಿಯುತ್ತಾರೋ ಅವರೇ ತಂಡ.

ಅದಕ್ಕೇ ಮೇಡಂ ಮೊದಲು ಕೈಹಾಕಿದ್ದು ಆ ಬಸ್ಸಿಗೆ. ಹಿಂದೆಲ್ಲ ಪ್ರಾಕ್ಟೀಸ್ ಸಂಜೆ ಇರುತ್ತಿತ್ತು. ಆರು ಗಂಟೆಗೆ ಬಿಟ್ಟರೆ ನೇರ ಬಸ್ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಹೈವೇ ಬಸ್ ಹತ್ತಿ ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಗೆ ಇನ್ನೊಂದು ಗಾಡಿ ಕಾಯಬೇಕು. ಮನೆ ಮುಟ್ಟುವಾಗ ಕತ್ತಲು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಟಿಕೆಟ್ ಖರ್ಚು ಉಳಿಯಿತು, ಕತ್ತಲು ಉಳಿದೇ ಇತ್ತು. ಕಬಡ್ಡಿ ಚೆನ್ನಾಗಿ ಆಡುತ್ತಿದ್ದ ನನ್ನ ಇಬ್ಬರು ಗೆಳತಿಯರು ಬಿಟ್ಟಿದ್ದು ಆಟ ಬೇಸರವಾಗಿ ಅಲ್ಲ, ಆ ಕತ್ತಲಿಗಾಗಿ.

ಮೇಡಂ ಪ್ರಾಕ್ಟೀಸನ್ನು ಬೆಳಿಗ್ಗೆ ಏಳಕ್ಕೆ ಹಾಕಿದರು. ಆಮೇಲೆ ಒಬ್ಬೊಬ್ಬರ ಮನೆಗೂ ಫೋನ್. ನಮ್ಮವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವಳು. ಕಾಲೇಜಿನಿಂದ ಫೋನ್ ಎಂದ ಕೂಡಲೇ ಗಾಬರಿಯಾಗಿ, ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ನಿಂತೇ ಮಾತಾಡಿದಳು. ‘ಅಕ್ಕಾರ, ಮ್ಯಾಚ್ ಇದ್ದ ದಿನ ನಿಮ್ಮ ಮಗಳನ್ನ ನಾನ ಬಸ್ ಹತ್ತಿಸಿ ಆಮ್ಯಾಲೆ ಮನಿಗೆ ಹೋಗ್ತೀನ್ರಿ’ ಅಂದರಂತೆ ಮೇಡಂ. ಫೋನಿಟ್ಟು ಅವ್ವ ನನ್ನ ಕಡೆ ನೋಡಿ ಹೇಳಿದ್ದು ಇಷ್ಟೇ: ‘ಹೆಣ್ಣಮಗಳು ಅದಾರಲ್ಲ, ಹೋಗು.’

ಚಹಾ ಅಂಗಡಿಯಲ್ಲಿ ಯಾವ ಮಾತಿಗೆ ನಮ್ಮ ಕಪ್ ಹೋಯಿತೋ ಅದೇ ಮಾತಿಗೆ ಬ್ಯಾಡಗಿಯ ಮನೆಗಳ ಬಾಗಿಲು ತೆರೆದವು. ಕಳೆದ ವರ್ಷ ಒಂಬತ್ತು ಜನ ಬರುತ್ತಿದ್ದ ಪ್ರಾಕ್ಟೀಸಿಗೆ ಈಗ ಹತ್ತೊಂಬತ್ತು ಜನ. ‘ಮೇಡಂ ಆದ್ರ ಕಷ್ಟ’ ಅಂದವನಿಗೆ ಇನ್ನೂ ಒಂದು ಮಾತು ಹೇಳುವುದಿದೆ. 2025ರ ನವೆಂಬರಿನಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದ ನಮ್ಮ ದೇಶದ ಮಹಿಳಾ ಕಬಡ್ಡಿ ತಂಡದ ಕೋಚ್ ಕರ್ನಾಟಕದ ತೇಜಸ್ವಿನಿ ಬಾಯಿ. ಗೊತ್ತಿತ್ತೇನಪ್ಪಾ?

ಇಲ್ಲಿಯವರೆಗೆ ಓದಿದವರಿಗೆ ನಾನು ಮೇಡಂ ಅಭಿಮಾನಿ ಅನ್ನಿಸಿರಬಹುದು. ಎರಡನೇ ವಾರದಲ್ಲಿ ನಾನು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಿದ್ದೆ ಎನ್ನುವುದನ್ನೂ ಬರೆಯಬೇಕು.

ಒಂಬತ್ತು ಜನ ಇದ್ದಾಗ ಏಳರ ಪಟ್ಟಿಯಲ್ಲಿ ನನ್ನ ಹೆಸರು ಪ್ರಶ್ನೆಯೇ ಇಲ್ಲದೆ ಇರುತ್ತಿತ್ತು. ಮೊದಲ ರೇಡ್ ನನ್ನದೇ. ಹತ್ತೊಂಬತ್ತು ಜನ ಬಂದ ಮೇಲೆ ಮೇಡಂ ಎರಡು ತಂಡ ಮಾಡಿ ಆಡಿಸಿದರು. ಆರು ಸಲ ರೇಡ್‌ಗೆ ಹೋದೆ, ನಾಲ್ಕು ಸಲ ಸಿಕ್ಕಿಬಿದ್ದೆ. ಹಿಡಿದವರಲ್ಲಿ ಒಬ್ಬಳು ಫಸ್ಟ್ ಇಯರ್ ಹುಡುಗಿ, ಗುತ್ತಲ ಕಡೆಯವಳು. ‘ಸಾರಿ ಅಕ್ಕಾ’ ಅಂತ ಬೇರೆ ಅಂದಳು. ಹಿಂದಿನ ಎರಡು ವರ್ಷ ಸೀನಿಯರ್ ಎಂಬ ಕಾರಣಕ್ಕೆ ನನ್ನನ್ನು ಯಾರೂ ಗಟ್ಟಿಯಾಗಿ ಹಿಡಿದೇ ಇರಲಿಲ್ಲ ಎಂದು ಗೊತ್ತಾಗಿದ್ದು ಆಗ.

ಮೇಡಂ ಹತ್ತಿರ ಬಂದು, ‘ನಿನ್ನ ರೇಡ್ ಎದುರಿನವ್ರಿಗೆ ಬಾಯಿಪಾಠ ಆಗೈತಿ. ಬಲಗಾಲು ಮುಂದ, ಬೋನಸ್ ಕಡೆ ಒಂದು ನೋಟ, ವಾಪಸ್. ನಾಳಿಯಿಂದ ಎಡಗಡೆ ಕಾರ್ನರ್‌ನಾಗ ನಿಂದ್ರು. ನಿನ್ನ ಕೈ ಗಟ್ಟಿ ಅದಾವ’ ಅಂದರು. ಮೂರು ವರ್ಷದ ರೇಡರ್ ಒಂದೇ ವಾಕ್ಯದಲ್ಲಿ ಕ್ಯಾಚರ್!

ನನಗೂ ಒಂದು ಲೆಕ್ಕ ಇತ್ತು. ಕಾಲೇಜಿನಲ್ಲಿ ಆಡುವ ಎಲ್ಲರಿಗೂ ಇರುವ ಲೆಕ್ಕ ಅದು: ಯೂನಿವರ್ಸಿಟಿ ಬ್ಲೂ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುವುದು, ಬ್ಲೇಜರ್ ಹಾಕಿಕೊಳ್ಳುವುದು. ನಮ್ಮ ಸೀನಿಯರ್‌ಗಳ ಕಾಲದಲ್ಲಿ ಇದಕ್ಕಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮಟ್ಟದಲ್ಲಿ ಗುದ್ದಾಡಬೇಕಿತ್ತು. 2023ರಲ್ಲಿ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ ಶುರುವಾದ ಮೇಲೆ ಆಯ್ಕೆಯ ಅಂಗಳ ಹತ್ತಿರ ಬಂತು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲಿ ಬಂದಾಗ, ಅದರಲ್ಲಿ ನಮ್ಮದೂ ಇದ್ದುದನ್ನು ನೋಡಿ, ‘ಬ್ಲೇಜರ್ ಮ್ಯಾಲೆ ಯಾವ ಹೆಸರು ಹೊಲಸೋಣು?’ ಎಂದು ನಾವು ನಕ್ಕಿದ್ದೆವು. ನಗುವುದು ಬಿಟ್ಟು ಮತ್ತೇನು ಮಾಡುವುದು. ಅಂತೂ ಈ ವರ್ಷ ನನಗೆ ಕೊನೆಯ ಅವಕಾಶ. ರೇಡರ್ ಆಗಿದ್ದರೆ ಪಾಯಿಂಟ್ ಎಣಿಸಿ ತೋರಿಸಬಹುದು. ಕಾರ್ನರ್‌ನಲ್ಲಿ ಕಾಲು ಹಿಡಿದು ಬಿದ್ದವಳನ್ನು ಆಯ್ಕೆ ಸಮಿತಿಯಲ್ಲಿ ಯಾರು ನೋಡುತ್ತಾರೆ?

ಹೊಸ ಕೋಚ್ ಬಂದರೆ ತಂಡದ ನಿರೀಕ್ಷೆ ಹೆಚ್ಚುತ್ತದೆ ಎನ್ನುತ್ತಾರೆ. ಒಳಗಿನಿಂದ ನೋಡಿದರೆ ಅದು ಹೆಚ್ಚಾಗುವುದಕ್ಕಿಂತ ಕೈ ಬದಲಾಗುತ್ತದೆ. ನನ್ನ ಕೈಯಲ್ಲಿದ್ದದ್ದು ಆ ಗುತ್ತಲದ ಹುಡುಗಿಯ ಕೈಗೆ ಹೋಯಿತು. ಹಳೆಯ ಕೋಚ್ ಇದ್ದಿದ್ದರೆ ಅವಳಿಗೆ ಈ ವರ್ಷ ನೀರಿನ ಬಾಟಲಿ ಹಿಡಿಯುವ ಕೆಲಸ.

ಬಸ್ಸಿನಲ್ಲಿ ಅಳುತ್ತಾ ನಾನು ಇನ್ನೊಂದು ವಿಚಾರ ಮಾಡಿದೆ. ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ.

ಮೇಡಂ ನೇಮಕವೂ ಈ ಒಂದು ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಆಫೀಸಿನಲ್ಲಿ ಕೇಳಿದರೆ, ‘ಗೆದ್ರ ಮುಂದುವರಸ್ತಾರ, ಅದೇನ್ ದೊಡ್ಡ ಮಾತು’ ಎನ್ನುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಂದೇ ವರ್ಷದಲ್ಲಿ ಗೆದ್ದು ತೋರಿಸಲೇಬೇಕಾದ ಕೋಚ್ ಏನು ಮಾಡುತ್ತಾರೆ ಹೇಳಿ? ಫೈನಲ್ ಇಯರ್‌ನವರನ್ನೇ ಆಡಿಸುತ್ತಾರೆ. ಅನುಭವ ಇದೆ, ಪ್ರೇಕ್ಷಕರಿಗೆ ಹೆದರುವುದಿಲ್ಲ, ಹೇಗೋ ಎರಡು ಪಂದ್ಯ ದಾಟಿಸುತ್ತಾರೆ. ಫಸ್ಟ್ ಇಯರ್ ಹುಡುಗಿಗೆ ಆ್ಯಂಕಲ್ ಹೋಲ್ಡ್ ಕಲಿಸುತ್ತಾ ಕೂರುವುದಿಲ್ಲ, ಅವಳು ಕಲಿತು ಆಡುವ ಹೊತ್ತಿಗೆ ತಾವು ಅಲ್ಲಿರುವುದಿಲ್ಲವಲ್ಲ. ಮುಂದಿನ ವರ್ಷ ನಮ್ಮಂಥವರು ಡಿಗ್ರಿ ಮುಗಿಸಿ ಹೋಗುತ್ತೇವೆ. ಹೊಸ ಕೋಚ್ ಬರುತ್ತಾರೆ. ಖಾಲಿ ಮೈದಾನ, ಹೊಸ ಹಾರ, ‘ಈ ವರ್ಷ ಚಾಂಪಿಯನ್‌ಶಿಪ್’. ಮೂರು ವರ್ಷ ಮೂರು ಸಲ ಇದನ್ನೇ ನೋಡಿದ್ದೇನೆ.

ಅಂದರೆ ನನ್ನನ್ನೇ ರೇಡರ್ ಆಗಿ ಉಳಿಸಿಕೊಳ್ಳುವುದು ಮೇಡಂಗೆ ಲಾಭ ಇತ್ತು, ನನಗೂ ಲಾಭ ಇತ್ತು. ಅವರು ಹಾಗೆ ಮಾಡಲಿಲ್ಲ. ತಾವು ಇರದೇ ಹೋಗಬಹುದಾದ ವರ್ಷಕ್ಕೆ ತಂಡ ಕಟ್ಟುತ್ತಿದ್ದಾರೆ. ಇದು ಗೊತ್ತಾದ ಮೇಲೆ ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಹೋಯಿತು.

ನಮ್ಮ ಊರುಗಳ ಗರಡಿಮನೆಗಳಲ್ಲಿ ಉಸ್ತಾದರು ಇರುತ್ತಿದ್ದರು ಎಂದು ಅಜ್ಜ ಹೇಳುತ್ತಾನೆ. ಪೈಲ್ವಾನರು ಬರುತ್ತಾರೆ, ಹೋಗುತ್ತಾರೆ, ಉಸ್ತಾದರು ಅಲ್ಲೇ. ಅಪ್ಪನಿಗೆ ಪಟ್ಟು ಕಲಿಸಿದವರೇ ಮಗನಿಗೂ ಕಲಿಸಿದ್ದುಂಟು. ಒಂದು ಜಾತ್ರೆಯ ಕುಸ್ತಿ ಸೋತರೆ ಉಸ್ತಾದರನ್ನು ಬದಲಾಯಿಸೋಣ ಎಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲವಂತೆ. ನಮ್ಮ ಕಾಲೇಜುಗಳಲ್ಲಿ ಉಲ್ಟಾ. ಆಡುವವರು ಮೂರು ವರ್ಷ ಇರುತ್ತೇವೆ, ಕಲಿಸುವವರು ಹತ್ತು ತಿಂಗಳು.

ಅದಕ್ಕೇ ಕಾಲೇಜು ನಡೆಸುವ ಹಿರಿಯರಲ್ಲಿ ಒಂದು ಕೋರಿಕೆ. ನಿಮಗೆ ಚಾಂಪಿಯನ್‌ಶಿಪ್ ನಿರೀಕ್ಷೆ ಇದೆಯಲ್ಲ, ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಎಷ್ಟು ವರ್ಷದೊಳಗೆ ಎಂದು ಹಾರ ಹಾಕುವ ದಿನವೇ ಹೇಳಿ, ಅಷ್ಟು ವರ್ಷ ಅವರನ್ನು ಇಟ್ಟುಕೊಳ್ಳಿ. ಕನಿಷ್ಠ ಎರಡು. ಆ ನಿರ್ಧಾರ ಸೀಸನ್ನಿನ ಮೊದಲ ಪಂದ್ಯಕ್ಕೆ ಮುಂಚೆ ಆಗಬೇಕು, ಸೋಲು ಗೆಲುವು ನೋಡಿಕೊಂಡು ಅಲ್ಲ. ನಿಯಮ ಬಿಡುವುದಿಲ್ಲ ಎಂದಾದರೆ, ಪ್ರತಿ ಜೂನ್‌ನಲ್ಲಿ ಅವರನ್ನೇ ಮೊದಲು ಕೇಳುವ ಪದ್ಧತಿಯನ್ನಾದರೂ ಮಾಡಬಹುದಲ್ಲ. ಇದನ್ನು ಹೇಳುವುದರಲ್ಲಿ ನನಗೆ ಯಾವ ಸ್ವಾರ್ಥವೂ ಇಲ್ಲ. ಎರಡನೇ ವರ್ಷ ಎಂಬುದು ನನಗೆ ಇಲ್ಲವೇ ಇಲ್ಲ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಈಗಲೂ, ಒಂದೇ ವರ್ಷ, ಈ ವರ್ಷವೇ ಕಪ್, ಮೊದಲ ರೇಡ್ ನನ್ನದೇ ಎನ್ನುತ್ತದೆ.

ಮುಂದಿನ ವಾರ ಹಾವೇರಿಯಲ್ಲಿ ಮೊದಲ ಪಂದ್ಯ. ಚೀಟಿ ಎತ್ತಿದಾಗ ಸಿಕ್ಕಿದ್ದು ಕಳೆದ ವರ್ಷ ನಮ್ಮನ್ನು ಸೋಲಿಸಿದ ಅದೇ ಕಾಲೇಜು. ಮೇಡಂ ಏಳರ ಪಟ್ಟಿ ಇನ್ನೂ ಹಾಕಿಲ್ಲ. ಚಹಾ ಅಂಗಡಿಯಲ್ಲಿ ಮತ್ತೆ ಮಾತು ಶುರುವಾಗಿದೆಯಂತೆ. ಹತ್ತೊಂಬತ್ತು ಜನರ ಪ್ರಾಕ್ಟೀಸ್ ನೋಡಿದ ಯಾರೋ ‘ಸೆಮಿಫೈನಲ್ ಪಕ್ಕಾ’ ಅಂದನಂತೆ. ನಾನು ನಾಲ್ಕು ವಾರದಿಂದ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದೇನೆ. ಮೊಣಕೈ ಎರಡೂ ಕಡೆ ತರಚಿದೆ. ನಿನ್ನೆ ಆ ಗುತ್ತಲದ ಹುಡುಗಿ ರೇಡ್‌ಗೆ ಬಂದಾಗ ಕಾಲು ಹಿಡಿದು ಕೆಡವಿದೆ. ಸಾರಿ ಅನ್ನಲಿಲ್ಲ.

ರಾತ್ರಿ ಅವ್ವ ಕೇಳಿದಳು, ‘ಹೋದ ವರ್ಷದ್ಗತೆ ಬುತ್ತಿ ಬಿಚ್ಚದ ವಾಪಸ್ ತರ್ತೀಯೋ, ಉಣ್ತೀಯೋ?’

‘ಉಣ್ತೀನಿ’ ಅಂದೆ.

‘ಹಂಗಾದ್ರ ಎಷ್ಟು ಹೊತ್ತಿಂದು ಕಟ್ಟಲಿ?’

ಸ್ವಲ್ಪ ವಿಚಾರ ಮಾಡಿ, ‘ಎರಡು ಹೊತ್ತಿಂದು ಕಟ್ಟವಾ’ ಅಂದೆ.